ಯಾವ ಕೆಂಪು

ಮೊದಲ ಸಲ ಕಂಡದ್ದು ಬಿ.ಎಂ. ರೋಡಿನ ಗ್ಯಾರೇಜಿನ ಹಿಂದೆ,
ತಗಡಿನ ಮರೆಯಲ್ಲಿ.
ಕೈಗಂಟಿದ ಬಣ್ಣವಿರಬೇಕೆಂದು ಕೈ ನೋಡಿಕೊಂಡೆ.
ಅವತ್ತು ಬಳಿದದ್ದು ನೀಲಿ.

ಉಷ್ಣ ಅಂದಳು ಸಾವಂತ್ರಿ.
ಬಾರ್ಲಿ ಗಂಜಿ, ಬಾಳೆದಿಂಡಿನ ರಸ, ಜೀರಿಗೆ ನೀರು.
ಬೀಟ್‌ರೂಟ್ ಪಲ್ಯದ ಮೇಲೂ ಎರಡು ದಿನ ಗುಮಾನಿ.
ಮೂರನೇ ದಿನ ಉಚ್ಚೆ ತಿಳಿಯಾಯಿತು; ಗೆದ್ದೆವು ಅಂದುಕೊಂಡೆವು.
ಅದು ತಾನಾಗಿ ಬಂದು ತಾನಾಗಿ ನಿಲ್ಲುವ ಜಾತಿ
ಎಂದು ಹೇಳುವವರು ಯಾರಿದ್ದರು?
ಆಲೂಗೆಡ್ಡೆ ಲಾರಿಗಳ ಸೀಸನ್ನು. ಮರೆತೇಬಿಟ್ಟೆ.

ಮತ್ತೆ ಬಂತು, ಈ ಸಲ ಗರಣೆ ಗರಣೆ.

ದೊಡ್ಡಾಸ್ಪತ್ರೆ. ಚೀಟಿ. ಸರದಿ.
ಡಾಕ್ಟರ್ ಮೇದಿನಿ, ನನ್ನ ಮಗಳಿಗಿಂತ ಚಿಕ್ಕವರು,
ತಲೆಯೆತ್ತದೆ ಕೇಳಿದರು: ಯಾವ ಕೆಂಪು?

ಐವತ್ತೆಂಟು ವರ್ಷಕ್ಕೆ ಒಂದು ಸಲ
ಉತ್ತರ ಗೊತ್ತಿರುವ ಪ್ರಶ್ನೆ!
ಸಿಗ್ನಲ್ ರೆಡ್ ಅಲ್ಲ ಮೇಡಂ, ಅಂಚೆಡಬ್ಬಿಯದೂ ಅಲ್ಲ.
ಟ್ಯಾಂಕರಿನ ಬೆನ್ನಿಗೆ 'ಅಪಾಯ' ಬರೀತೀವಲ್ಲ,
ಅದಕ್ಕೊಂದು ಹನಿ ಕಪ್ಪು ಬಿಟ್ಟರೆ ಹೇಗೆ, ಹಾಗೆ.
ಮೊನ್ನೆ ಮಾತ್ರ ಮಾಂಸ ತೊಳೆದ ಎರಡನೇ ನೀರು.
ನಗಲಿಲ್ಲ ಅವರು. ಅಷ್ಟನ್ನೂ ಬರೆದುಕೊಂಡರು.

ಟೀ ಡಿಕಾಕ್ಷನ್ ಥರ? ನೊರೆ? ಮುಖ ಊತ?
ಇಲ್ಲ.
ಶುರುವಿನಲ್ಲೋ, ಕೊನೆಗೋ, ಉದ್ದಕ್ಕೂನೋ?
ಉದ್ದಕ್ಕೂ. ಒಂದೇ ಕೋಟು, ಎಲ್ಲೂ ಬ್ರಶ್ ಎತ್ತಿಲ್ಲ.
ಉರಿ? ಜ್ವರ? ಸೊಂಟದಿಂದ ತೊಡೆಸಂದಿಗೆ ಇಳಿಯೋ ನೋವು?
ನೋವೇ ಇಲ್ಲ ಮೇಡಂ, ಎಂದೆ,
ಫಸ್ಟ್ ಕ್ಲಾಸು ಬಂದ ಹುಡುಗನ ಹಾಗೆ.

ಪೆನ್ನು ನಿಂತಿತು.
ನೋವಿದ್ದಿದ್ದರೆ ಚೆನ್ನಾಗಿತ್ತು, ಅಂದರು
ಕಾಗದಕ್ಕೇ ಹೇಳುವಂತೆ.

ಲ್ಯಾಬಿನ ಹುಡುಗ ಕೇಳಿದ್ದಕ್ಕೆ ಹೇಳಿದ:
ಕಿಡ್ನಿಯ ಜರಡಿಯಲ್ಲಿ ನುಸುಳಿ ಬಂದ ರಕ್ತಕಣ
ಮುದುಡಿರುತ್ತೆ, ಅಂಚು ಹರಿದಿರುತ್ತೆ.
ನಿಮ್ಮದು ದುಂಡಗಿದೆ. ಜರಡಿ ದಾಟಿದ ಮೇಲೆ ಸೇರಿದ್ದು ಅನ್ಸುತ್ತೆ.
ಅರ್ಥವಾಯಿತು.
ಹಳೇ ಪಂಚೆಯಲ್ಲಿ ಬಣ್ಣ ಸೋಸಿದವನು ನಾನು,
ಸೋಸಿದ ಮೇಲೂ ಕಸ ಕಂಡರೆ
ಬಟ್ಟೆಯನ್ನು ಬಯ್ಯಬಾರದು, ಡಬ್ಬಿ ನೋಡಬೇಕು.

ಸ್ಕ್ಯಾನಿಂಗಿಗೆ ನೀರು ಕುಡಿದು ತಡೆದುಕೊಂಡವರು ಒಂಬತ್ತು ಜನ,
ಆಲೂರಿನ ಬಸುರಿ, ಲೇಡಿ ಕಾನ್‌ಸ್ಟೇಬಲ್ಲು, ನಾನು,
ತೊಡೆ ಹೊಸೆಯುತ್ತ ಒಂದೇ ಬೆಂಚಿನ ಬಂಧುಗಳು.
ಪರದೆಯ ಮೇಲೆ ಕಪ್ಪು ಕೆರೆ.
ಎಡದಂಡೆಗೆ ಉಗುರಿನಷ್ಟು ಹೂಕೋಸು.
ಕಲ್ಲಾದರೆ ಉರುಳಬೇಕು, ಮಗ್ಗುಲಾಗಿ, ಅಂದರು.
ಮಗ್ಗುಲಾದೆ.
ಉರುಳಲಿಲ್ಲ.

ಬೀಡಿ?
ಮೂವತ್ತೆರಡು ವರ್ಷ, ದಿನಕ್ಕೊಂದು ಕಟ್ಟು.
ಬಣ್ಣದ ಪುಡಿ?
ಮುಂಚೆಲ್ಲ ಬರಿಗೈಯಲ್ಲೇ ಕಲಸುತ್ತಿದ್ದೆ.
ಕೇಳದ ಇನ್ನೊಂದನ್ನು ನಾನೇ ಹೇಳಿದೆ:
ಗೆರೆ ತೆಳ್ಳಗೆ ಬರಲೆಂದು ಬ್ರಶ್ಶಿನ ತುದಿಯನ್ನು
ತುಟಿಯಲ್ಲಿ ಒತ್ತಿ ಚೂಪು ಮಾಡುತ್ತಿದ್ದೆ.
ನನ್ನ ಗುರು ಹೇಳಿಕೊಟ್ಟದ್ದೇ ಹಾಗೆ.
ಅವನು ಯಾತರಿಂದ ಹೋದ ಎಂದು
ಅಲ್ಲಿ ಕೂತೇ ಮೊದಲ ಸಲ ಯೋಚಿಸಿದೆ.

ನೋಡದೆ ಹೆಸರಿಡೋದು ಬೇಡ, ಅಂದರು ಡಾಕ್ಟರು.
ಗುರುವಾರ ನಳಿಗೆ ಹಾಕಿ ಒಳಗೆ ನೋಡೋಣ,
ಒಂದು ಚೂರು ತೆಗೆದು ಕಳಿಸೋಣ.
ಅಲ್ಲೀವರೆಗೆ ಮೂರು ದಿನದ್ದು ಮೂರು ಡಬ್ಬಿ ತಂದುಕೊಡಿ.

ಬೇಗ ಬಂದೆನೋ ತಡವೋ ಅಂತ ಕೇಳಲು ಬಾಯಿ ಬರಲಿಲ್ಲ.
ಇಪ್ಪತ್ತು ಸಾವಿರ ಲಾರಿಯ ಬೆನ್ನಿಗೆ
ಹಾರನ್ ಮಾಡಿ, ಹಾರನ್ ಮಾಡಿ ಎಂದು ಬರೆದಿದ್ದೇನೆ.
ಇದು ಮಾಡಲಿಲ್ಲ.

ಮೊದಲ ಡಬ್ಬಿಗೆ ಆ ಹುಡುಗ ಹೆಸರು ಗೀಚಿದ:
'ಬಸವಚರಿ'. ಎರಡು ದೀರ್ಘ ನುಂಗಿದ್ದ.
ಕೊಡಪ್ಪ ಇಲ್ಲಿ, ಎಂದು ಮಾರ್ಕರ್ ಇಸಿದುಕೊಂಡು
ಕೈ ನಡುಗದ ಹಾಗೆ ಉಸಿರು ಕಟ್ಟಿ
ಬ-ಸ-ವಾ-ಚಾ-ರಿ,
ಪ್ರತಿ ಅಕ್ಷರದ ಬಲಕ್ಕೂ
ತೆಳ್ಳಗೆ ಒಂದು ನೆರಳು.
ಮುಚ್ಚಳ ಬಿಗಿ ಮಾಡಿ ಕಿಟಕಿಯೊಳಗೆ ಇಟ್ಟೆ.
ಬಿಸಿಯಿತ್ತು ಇನ್ನೂ.